ತುಕ್ಕು ಹಿಡಿಸುವ ಕೈ

ಕಬ್ಬಿಣಕ್ಕೆ ತನ್ನದೇ ಒಂದು ವಾಸನೆ ಇದೆ ಅಂತ ಬಹಳ ಜನ ತಿಳಿದುಕೊಂಡಿರುತ್ತಾರೆ. ಹಾಗೇನಿಲ್ಲ. ಒಣಗಿದ ಕಬ್ಬಿಣವನ್ನು ಮೂಗಿಗೆ ಹಿಡಿದು ನೋಡಿ, ಏನೂ ಬರುವುದಿಲ್ಲ. ಮನುಷ್ಯನ ಕೈ ತಾಗಿ, ಕೈಯ ಬೆವರು ಅದಕ್ಕೆ ಹತ್ತಿದ ಮೇಲೆ ಏಳುವ ವಾಸನೆ ಅದು. ಮೊನ್ನೆ ಮಾದನಾಯಕನಹಳ್ಳಿಯಲ್ಲಿ ಪರಿಚಯದವರ ಗೋದಾಮು ನೋಡಲು ಹೋಗಿದ್ದೆ. ಸೋನೆ ಹಿಡಿದಿತ್ತು. ಕಾವಲಿನವನು ಎಲ್ಲೋ ಟೀಗೆ ಹೋಗಿದ್ದ, ಗೇಟನ್ನು ನಾನೇ ತಳ್ಳಿದೆ. ಒಳಗೆ ಹೋಗಿ ಮುಖ ಒರೆಸಿಕೊಳ್ಳಲು ಕೈ ಎತ್ತಿದರೆ ಆ ವಾಸನೆ. ಗೋದಾಮಿನವರು ಬಾಡಿಗೆ, ಸಿಮೆಂಟು, ಲಾರಿ ತಿರುಗುವ ಜಾಗ ಅಂತ ಏನೇನೋ ಹೇಳುತ್ತಿದ್ದರು. ನಾನು ಹೂಂ ಹೂಂ ಅನ್ನುತ್ತಲೇ ಪೀಣ್ಯದ ಒಂದು ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ.

ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಪೀಣ್ಯದ ಒಳರಸ್ತೆಗಳಲ್ಲಿ ಗುಂಡಿ, ಗುಂಡಿಯಲ್ಲಿ ನೀರು, ನೀರಿನ ಮೇಲೆ ಎಣ್ಣೆಯ ಏಳು ಬಣ್ಣ. ಅಲ್ಲಿನ ಒಂದು ಟೂಲ್ ರೂಮಿನಲ್ಲಿ ನಾನು ಕೆಲಸಕ್ಕಿದ್ದೆ. ಟೂಲ್ ರೂಮ್ ಅಂದರೆ ಬೇರೆ ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಅಳತೆಯ ಉಪಕರಣ ಇಂಥವನ್ನು ಮಾಡಿಕೊಡುವ ಜಾಗ. ಡಿಪ್ಲೊಮಾ ಓದುವವರು ಕಡೆಯ ವರ್ಷ ಕ್ಲಾಸಿನಲ್ಲಿ ಕೂರದೆ ನಮ್ಮಂಥ ಕಡೆ ಬಂದು ಕೈಯಲ್ಲಿ ಕಲಿಯಬೇಕು, ಒಂದು ವಸ್ತುವನ್ನು ಮೊದಲಿಂದ ಕಡೆಯತನಕ ತಾವೇ ಮಾಡಿ ತೋರಿಸಬೇಕು ಅನ್ನುವುದು ಅವರ ಸಂಸ್ಥೆಯ ಕ್ರಮ. ಹಾಗೆ ಬಂದವರನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಆ ವರ್ಷ ಬಂದವರಲ್ಲಿ ಇಬ್ಬರು ಚೆನ್ನಾಗಿ ನೆನಪಿದ್ದಾರೆ. ಒಬ್ಬ ವಿಜಯನಗರದ ಕಿರಣ, ಬಾಯಿ ಸುಮ್ಮನಿರದ ಹುಡುಗ. ಇನ್ನೊಬ್ಬಳು ಬಾಗಲಕೋಟೆ ಕಡೆಯ ರೇಣುಕಾ.

ರೇಣುಕಾಳ ಅಪ್ಪನದು ಊರಲ್ಲಿ ಹಿಟ್ಟಿನ ಗಿರಣಿ. ಗಿರಣಿ ಕೆಟ್ಟು ನಿಂತರೆ ಜಮಖಂಡಿಯಿಂದ ಮೆಕ್ಯಾನಿಕ್ ಬರಬೇಕಿತ್ತಂತೆ. ಅವನು ಬರುವತನಕ ಜೋಳದ ಚೀಲ ಇಟ್ಟುಕೊಂಡು ಊರಿಗೆ ಊರೇ ಕಾಯುವುದು. "ಅವ ಬಂದು ಕೈ ಹಚ್ಚಿದ ಕೂಡಲೆ ಗಿರಣಿ ಮಾತಾಡ್ತಿತ್ರಿ ಸರ್. ನನಗೂ ಅಂಥಾ ಕೈ ಬೇಕು ಅನಸ್ತಿತ್ತು" ಅಂತ ಬಂದ ಹೊಸತರಲ್ಲೇ ಹೇಳಿದ್ದಳು. ಈ ಲೈನಿಗೆ ಯಾಕೆ ಬಂದೆ ಅನ್ನುವುದು ನಾನು ಎಲ್ಲರನ್ನೂ ಕೇಳುವ ಪ್ರಶ್ನೆ. ಹೆಚ್ಚಿನವರು ಮಾರ್ಕ್ಸು ಬರಲಿಲ್ಲ ಸಾರ್ ಅನ್ನುತ್ತಾರೆ.

ನಮ್ಮ ಫೋರ್‌ಮನ್ ಶಿವಣ್ಣನವರು. ನೆಲಮಂಗಲದ ಕಡೆಯವರು, ಹಕಾರಕ್ಕೂ ಅವರಿಗೂ ಆಗಿಬರುತ್ತಿರಲಿಲ್ಲ. ಮೊದಲ ದಿನ ರೇಣುಕಾಳನ್ನು ನೋಡಿ ನನ್ನ ಕಿವಿಯ ಹತ್ತಿರ ಬಂದು "ಎಣ್ಮಗೀಗೆ ಫೈಲ್ ಕೊಟ್ಟು ನಿಲ್ಸೋದಾ ಸಾರ್?" ಅಂದರು. ಫೈಲ್ ಅಂದರೆ ಅರ, ಉಕ್ಕನ್ನು ಉಜ್ಜಿ ಸಮ ಮಾಡುವ ಉಪಕರಣ. ಹೊಸಬರು ತಳ್ಳಿದರೆ ಅದು ಕೆರೆಯ ತೆಪ್ಪದಂತೆ ಮುಂದೆ ಹಿಂದೆ ಓಲಾಡುತ್ತದೆ, ತುಂಡಿನ ಮೈ ಗುಂಡಗಾಗುತ್ತದೆ. ಒಂದು ವಾರ ಕಳೆದ ಮೇಲೆ ಅದೇ ಶಿವಣ್ಣನವರು ಅಷ್ಟೇ ಗುಟ್ಟಾಗಿ ಬಂದರು. "ಪರ್ವಾಗಿಲ್ಲ ಸಾರ್. ಈವಮ್ಮಂದು ಫೈಲು ಅಳ್ಳಾಡಕಿಲ್ಲ."

ನಾವು ಆಗ ಹೆಚ್ಚಾಗಿ ಮಾಡುತ್ತಿದ್ದದ್ದು ಗೇಜುಗಳು. ಬೆರಳುದ್ದದ ಗುಂಡನೆಯ ಉಕ್ಕಿನ ಕಡ್ಡಿ. ಒಂದು ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಲೇಬಾರದು. ಹೋಗಬೇಕಾದದ್ದು ಹೋಗಿ, ಹೋಗಬಾರದ್ದು ಹೊರಗೇ ನಿಂತರೆ ತೂತಿನ ಅಳತೆ ಸರಿ ಅಂತ ಅರ್ಥ. ಅದರ ಮೈಯನ್ನು ಕನ್ನಡಿಯಷ್ಟು ನುಣುಪು ಮಾಡಿ, ಎಣ್ಣೆ ಹಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸುತ್ತಿದ್ದೆವು. ರೇಣುಕಾಳ ಪ್ರಾಜೆಕ್ಟೂ ಗೇಜೇ ಅಂತ ಬಾಯಿಮಾತಿನಲ್ಲಿ ಆಗಿತ್ತು. ಅಷ್ಟರಲ್ಲಿ ಕೈ ಕುದುರಲಿ ಅಂತ ಬೇರೆಯವರು ಮಾಡಿದ ಗೇಜುಗಳನ್ನು ಒರೆಸಿ, ಎಣ್ಣೆ ಹಚ್ಚಿ, ಸುತ್ತುವ ಕೆಲಸಕ್ಕೆ ಅವಳನ್ನು ಹಾಕಿದ್ದೆ.

ಮಳೆ ಜೋರು ಹಿಡಿದ ಮೇಲೆ ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಕಂಪನಿಯಿಂದ ನಮ್ಮ ಡಬ್ಬ ಹಾಗೆಯೇ ವಾಪಸ್ ಬಂತು. ಬಿಚ್ಚಿ ನೋಡಿದರೆ ಕನ್ನಡಿಯಂಥ ಉಕ್ಕಿನ ಮೇಲೆ ಕಂದು ಬಣ್ಣದ ಬೆರಳಚ್ಚು. ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ. ಗೇಜಿಗೆ ತುಕ್ಕು ಹತ್ತಿತು ಅಂದರೆ ಅಳತೆ ಹೋಯಿತು ಅಂತಲೇ ಲೆಕ್ಕ. ನಮ್ಮ ಮ್ಯಾನೇಜರ್ ಮೂರ್ತಿ ಸಾರ್ ಡಬ್ಬವನ್ನು ಮೇಜಿನ ಮೇಲೆ ಇಟ್ಟು, "ಇದು ಯಾರ ಕೈ ಅಂತ ನಂಗೆ ನಾಳೆ ಗೊತ್ತಾಗ್ಬೇಕು" ಅಂದು ಕ್ಯಾಬಿನ್ನಿಗೆ ಹೋದರು.

ಉಪಾಯ ಶಿವಣ್ಣನವರದು. ಉಜ್ಜಿ ಹೊಳಪು ಕೊಟ್ಟ ಸಣ್ಣ ಉಕ್ಕಿನ ತಗಡುಗಳನ್ನು ಸಾಲಾಗಿ ಇಟ್ಟು, ಪಕ್ಕದಲ್ಲಿ ಸೀಮೆಸುಣ್ಣದಿಂದ ಹೆಸರು ಬರೆದರು. "ಎಲ್ರೂ ಬಂದು ಎಬ್ಬೆಟ್ಟು ಒತ್ರಪ್ಪ. ಉಕ್ಕು ಸುಳ್ಳು ಯೋಳಾಕಿಲ್ಲ."

"ಏನ್ ಗುರು, ಆಸ್ತಿ ಬರ್ಕೊಡ್ತಾ ಇದೀವಾ?" ಅಂದ ಕಿರಣ, ಒತ್ತುತ್ತಾ.

"ನಿನ್ನೆಸ್ರಲ್ಲಿ ಏನೈತೆ ಅಂತ ಬರ್ಸ್ಕೊಳೋದು? ಒತ್ತೋ ಸುಮ್ಕೆ."

ನಾನೂ ಒತ್ತಿದೆ, ಶಿವಣ್ಣನವರೂ ಒತ್ತಿದರು. ತಗಡುಗಳ ಮೇಲೆ ಒದ್ದೆ ಬಟ್ಟೆಯ ಚಪ್ಪರ ಕಟ್ಟಿದ ಹಾಗೆ ಮಾಡಿ ಮನೆಗೆ ಹೋದೆವು. ಬೆಳಗ್ಗೆ ಬಂದು ಬಟ್ಟೆ ಸರಿಸಿದರೆ, ನನ್ನ ತಗಡಿನ ಮೇಲೆ ತೆಳುವಾಗಿ ಹಳದಿ. ಶಿವಣ್ಣನವರದರ ಮೇಲೆ ಏನೂ ಇಲ್ಲ. ಅವರ ಹೆಬ್ಬೆಟ್ಟಿನ ಗೆರೆಗಳೇ ಸವೆದುಹೋಗಿದ್ದವು. ರೇಣುಕಾಳ ತಗಡಿನ ಮೇಲೆ ಮಾತ್ರ ಕಡುಕಂದು ಬಣ್ಣದ ಪೂರ್ತಿ ಹೆಬ್ಬೆಟ್ಟು, ಸುರುಳಿ ಸುರುಳಿಯಾಗಿ.

"ಮೆಹಂದಿ ಸಕ್ಕತ್ತಾಗಿ ಹತ್ತಿದೆ ಮಗಾ" ಅಂದ ಕಿರಣ. ಯಾರೋ ನಕ್ಕರು. ರೇಣುಕಾ ಕೈಯನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡಳು. ಅವತ್ತು ಊಟದ ಹೊತ್ತಿನ ತನಕ ಆ ಕೈ ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ.

ಕೆಲವರ ಬೆವರೇ ಹಾಗೆ, ಉಪ್ಪು ಹೆಚ್ಚು. ರೋಗವಲ್ಲ, ಕೊಳಕಲ್ಲ, ಹುಟ್ಟಿನಿಂದ ಬಂದದ್ದು. ಬೇಸಿಗೆಯಲ್ಲಿ ಗಾಳಿ ಒಣಗಿರುವುದರಿಂದ ಗೊತ್ತಾಗುವುದಿಲ್ಲ, ಮಳೆಗಾಲದಲ್ಲಿ ಹೊರಬೀಳುತ್ತದೆ. ಅವಳು ಸಂಸ್ಥೆಯಲ್ಲಿ ಕಲಿಯುವಾಗ ಅವಳ ತುಂಡುಗಳು ಕಂದಾದರೆ ಸರಿಯಾಗಿ ಎಣ್ಣೆ ಒರೆಸಿಲ್ಲ ಅಂತ ಬೈಸಿಕೊಂಡಿದ್ದಳಂತೆ. "ನಮ್ ಕಾಲದಲ್ಲೂ ಇಂಥ ಕೈಯೋನು ಒಬ್ಬ ಇದ್ದ" ಅಂದರು ಶಿವಣ್ಣ. "ಕೆಲ್ಸ ಬಂಗಾರ್ದಂಗೆ ಮಾಡೋನು. ಕಡೀಗೆ ಅವನ್ನ ಗೇಟಿಗೆ ಆಕುದ್ರು, ವಾಚ್‌ಮನ್ನು."

ಅವಳ ಮುಂದೆಯೇ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಡೆದದ್ದನ್ನು ಹೇಳಿದರು.

ಮೂರ್ತಿ ಸಾರ್ ತೀರ್ಮಾನಕ್ಕೆ ತಡ ಮಾಡಲಿಲ್ಲ. ಆ ಹುಡುಗಿ ಫಿನಿಶ್ ಆದ ಪೀಸ್ ಮುಟ್ಟುವುದು ಬೇಡ, ಕಂಪ್ಯೂಟರ್ ಮುಂದೆ ಕೂರಿಸಿ, ಡ್ರಾಯಿಂಗ್ ಮಾಡಲಿ. ಗ್ಲೌಸ್ ಹಾಕಿಕೊಂಡರೆ ಆಗದೇ ಅಂತ ನಾನು ಕೇಳಲೂ ಇಲ್ಲ, ಯಾಕೆಂದರೆ ಉತ್ತರ ನನಗೇ ಗೊತ್ತಿತ್ತು: ತಿರುಗುವ ಯಂತ್ರದ ಹತ್ತಿರ ಗ್ಲೌಸ್ ಹಾಕುವಂತಿಲ್ಲ, ಬಟ್ಟೆ ಸಿಕ್ಕಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ. ದಸರೆಗೆ ಮೊದಲು ಅವರ ಸಂಸ್ಥೆಯ ಮೇಷ್ಟ್ರು ಬಂದು ಯಾರ ಪ್ರಾಜೆಕ್ಟ್ ಏನು ಅಂತ ಬರೆದುಕೊಂಡು ಹೋಗುವವರಿದ್ದರು. ಒಮ್ಮೆ ಡ್ರಾಯಿಂಗ್ ಅಂತ ಬರೆದರೆ ಮುಗಿಯಿತು. ಮುಂದೆ ಯಾವ ಟೂಲ್ ರೂಮಿನವರೂ ಅವಳನ್ನು ಬೆಂಚಿಗೆ, ಅಂದರೆ ನಿಂತು ಮಾಡುವ ಕೈಕೆಲಸಕ್ಕೆ, ತೆಗೆದುಕೊಳ್ಳುವುದಿಲ್ಲ. ಡ್ರಾಯಿಂಗ್ ಕೆಲಸ ಕೀಳಲ್ಲ, ನೆರಳಲ್ಲಿ ಕೂತು ಮಾಡುವ ಕೆಲಸ, ಎಷ್ಟೋ ಜನ ಅದಕ್ಕೇ ಹಂಬಲಿಸುತ್ತಾರೆ. ಇದನ್ನೆಲ್ಲ ಅವಳಿಗೆ ಹೇಳಿದೆ.

"ಹೌದ್ರಿ ಸರ್" ಅಂದಳು. "ಖರೇನ ಐತ್ರಿ." ಮತ್ತೆ ಹೋಗಿ ಬೆಂಚಿನ ಹತ್ತಿರ ನಿಂತಳು. ನಾನು ಎರಡನೇ ಸಲ ಹೇಳಲಿಲ್ಲ. ಮೇಷ್ಟ್ರು ಬರುವ ತನಕ ಇರಲಿ ಬಿಡು ಅಂದುಕೊಂಡೆ.

ಅವಳಿದ್ದದ್ದು ಮಾದನಾಯಕನಹಳ್ಳಿಯ ಒಂದು ಬಾಡಿಗೆ ಕೋಣೆಯಲ್ಲಿ. ಮನೆಯೊಡತಿ ಗೌರಮ್ಮ, ಅಲ್ಲಿನ ಹಳೇ ಒಕ್ಕಲು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಹುಡುಗಿ ಊಟ ಬಿಟ್ಟು ಕೂತದ್ದನ್ನು ನೋಡಿ ವಿಷಯ ಕೇಳಿದ್ದಾರೆ. ಕೇಳಿ, "ಅಯ್ಯೋ ಇಷ್ಟೇಯಾ? ಉಣಸೆ ಅಣ್ಣಾಕಿ ಚೆಂದಾಗಿ ತಿಕ್ಕವ್ವ ಕೈಯ. ನಮ್ಮ ತಾಮ್ರದ ಅಂಡೆ ನೋಡು, ಎಂಗೆ ಒಳೀತದೆ!" ಅಂದಿದ್ದಾರೆ.

ಅವಳು ತಿಕ್ಕಿಕೊಂಡೇ ಬಂದಳು. ಎರಡು ಕೈ, ಮೊಣಕೈ ತನಕ. ಮಧ್ಯಾಹ್ನದ ಹೊತ್ತಿಗೆ ಅವಳು ಮುಟ್ಟಿದ ಉಕ್ಕಿನ ತುಂಡು ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಾಮ್ರ ತೊಳೆಯುವ ಹುಳಿ ಉಕ್ಕನ್ನು ತಿನ್ನುತ್ತದೆ ಅನ್ನುವುದು ಅವಳು ಪುಸ್ತಕದಲ್ಲಿ ಓದಿದ್ದೇ. ಸಂಕಟದಲ್ಲಿದ್ದವರಿಗೆ ಓದಿದ್ದು ಎಲ್ಲಿ ನೆನಪಾಗುತ್ತದೆ? ಶಿವಣ್ಣನವರು ಹತ್ತಿರ ಬಂದು ಮೂಗು ಅರಳಿಸಿದರು.

"ಎಲ್ಲೋ ಸಾರಿನ ವಾಸ್ನೆ ಬತ್ತಾ ಐತಲ್ಲ!"

"ಹುಣಸೀಹಣ್ಣು ಹಚ್ಚೇನ್ರಿ ಕಾಕಾ."

"ಕೈಗಾ?"

"ಹೂಂ ರೀ."

"ಒಗ್ಗರಣೆ ಯಾವಾಗ?"

ಟೂಲ್ ರೂಮಿಗೆ ಟೂಲ್ ರೂಮೇ ನಕ್ಕಿತು. ಆ ತಗಡಿನ ಬೆಳಗಿನಿಂದೀಚೆಗೆ ರೇಣುಕಾಳೂ ನಕ್ಕದ್ದು ಅವತ್ತೇ.

ಹುಣಸೆಹಣ್ಣಿನಿಂದ ಒಂದು ಲಾಭವಾಯಿತು. ಬೇರೆಯವರ ಮಾತು ಕೇಳುವುದು ಬಿಟ್ಟು ತಾನೇ ನೋಡತೊಡಗಿದಳು. ದಿನಾ ಸಂಜೆ ಹೊರಡುವ ಮುಂಚೆ ಒಂದು ತಗಡಿಗೆ ಹೊಳಪು ಕೊಟ್ಟು ಹೆಬ್ಬೆಟ್ಟು ಒತ್ತಿ ಹೋಗುವುದು, ಬೆಳಗ್ಗೆ ಬಂದು ನೋಡುವುದು. ಒಂದು ದಿನ ಸೋಪಿನಲ್ಲಿ ತೊಳೆದ ಕೈ, ಒಂದು ದಿನ ತೊಳೆಯದ ಕೈ, ಇನ್ನೊಂದು ದಿನ ಹೆಬ್ಬೆಟ್ಟು ಒತ್ತಿ ಅದರ ಮೇಲೆ ಎಣ್ಣೆ. ಹೀಗೆ ನೋಡುತ್ತಾ ಒಂದು ಬೆಳಗ್ಗೆ ಎರಡು ತಗಡು ಹಿಡಿದು ನನ್ನ ಹತ್ತಿರ ಬಂದಳು. ಒಂದರ ಮೇಲೆ ಗ್ರೈಂಡಿಂಗ್ ಯಂತ್ರದ ಪಕ್ಕ ಇಟ್ಟಿರುತ್ತಿದ್ದ ದಪ್ಪ ಎಣ್ಣೆ, ಅಲ್ಲಿ ತುಕ್ಕಿಲ್ಲ. ಇನ್ನೊಂದರ ಮೇಲೆ ನಾವು ಮಾಲು ಕಳಿಸುವಾಗ ಹಚ್ಚುತ್ತಿದ್ದ ಎಣ್ಣೆ, ಅಲ್ಲಿ ಹೆಬ್ಬೆಟ್ಟು ಕೆಂಪಗೆ ಕೂತಿತ್ತು.

"ಸರ್, ನನ್ನ ಕೈ ಕೆಟ್ಟದ್ದು ಖರೆ. ಆದ್ರ ಈ ಎಣ್ಣಿನೂ ಅಷ್ಟ ಕೆಟ್ಟದ್ದೈತ್ರಿ. ಮಾಲು ತಗೊಂಡ ಕಂಪನಿಯೊಳಗ ಯಾರರ ಬೆವರಗೈಯಿಂದ ಮುಟ್ಟಿದ್ರೂ ಹಿಂಗ ಆಗತೈತಿ."

ಮೂರ್ತಿ ಸಾರ್‌ಗೆ ತೋರಿಸಿದೆ. ಅವರು ತಗಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮರುದಿನವೇ ಬೇರೆ ಬೇರೆ ಎಣ್ಣೆಯ ಮಾದರಿ ತರಿಸಿ ರೇಣುಕಾಳಿಂದ ಒತ್ತಿಸಿದರು. ಲ್ಯಾಬಿಗೆ ಕಳಿಸಿ ಕಾಯಬೇಕಾದ ಉತ್ತರ ಒಂದೇ ರಾತ್ರಿಗೆ ಬರುತ್ತಿತ್ತು. ಅವರ ಖುಷಿ ಹೇಳತೀರದು. "ನಿನ್ನ ಕೈ ಒಂದು ಮೆಷಿನ್ ಇದ್ದ ಹಾಗೆ ಕಣಮ್ಮ! ಡ್ರಾಯಿಂಗ್ ಬಿಡು, ಇದನ್ನೇ ಪ್ರಾಜೆಕ್ಟ್ ಮಾಡು. ನಾನೇ ನಿಮ್ಮ ಮೇಷ್ಟ್ರಿಗೆ ಹೇಳ್ತೀನಿ." ಹೊಸ ಎಣ್ಣೆ ಆರಿಸಿದ ಮೇಲೆ ಡಬ್ಬಗಳು ವಾಪಸ್ ಬರುವುದು ನಿಂತಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಹೇಳಲು ಚೆನ್ನಾಗಿರುತ್ತಿತ್ತು. ಕುಂದೇ ಗುಣವಾಯಿತು ಅಂತ ಸಭೆಯಲ್ಲಿ ಭಾಷಣ ಮಾಡಬಹುದಿತ್ತು. ಆದರೆ ಆಮೇಲಿನ ದಿನಗಳಲ್ಲಿ ಆದದ್ದೇ ಬೇರೆ. ಯಾವ ಎಣ್ಣೆಯ ಡಬ್ಬ ಬಂದರೂ "ಹೆಬ್ಬೆಟ್ಟು ಕರೀರಿ" ಅನ್ನುವುದು ರೂಢಿಯಾಯಿತು. ಅವಳು ಹೋಗಿ ಒತ್ತಿ ಬರುವಷ್ಟರಲ್ಲಿ ಅವಳ ಬೆಂಚಿನ ಮೇಲಿದ್ದ ಕೆಲಸ ಕಿರಣನ ಕೈಗೆ ಹೋಗಿರುತ್ತಿತ್ತು. ಫೈಲು ಹಿಡಿಯುವ ಹೊತ್ತು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಒಂದು ದಿನ ಎಣ್ಣೆ ಮಾರುವವರು ಬಂದು ಕೂತಿದ್ದಾರೆ, ಮೂರ್ತಿ ಸಾರ್ ಎರಡು ಸಲ ಹೇಳಿ ಕಳಿಸಿದರೂ ಇವಳು ಹೋಗಿಲ್ಲ. ನಾನೇ ಹೋದೆ. ಬೆಂಚಿಗೆ ಬಿಗಿದ ವೈಸಿನ ಬಾಯಲ್ಲಿ ತುಂಡು ಕಚ್ಚಿಸಿಕೊಂಡು ಫೈಲು ತಳ್ಳುತ್ತಿದ್ದಳು.

"ಕರೀತಿದಾರಲ್ಲಮ್ಮ."

"ಅವರಿಗೆ ನನ್ನ ಹೆಬ್ಬೆಟ್ಟು ಅಷ್ಟ ಬೇಕ್ರಿ ಸರ್. ಉಳಿದ ಕೈ ಬ್ಯಾಡ?"

ಅದನ್ನೇ ಸಾರ್ ಹತ್ತಿರ ಕೇಳು ಅಂದೆ. ಕೇಳಿಯೇಬಿಟ್ಟಳು, ಎಣ್ಣೆಯವರ ಎದುರಿಗೇ.

"ಸರ್, ಹೆಬ್ಬೆಟ್ಟು ಒತ್ತತೇನ್ರಿ, ಯಾವಾಗ ಕರದ್ರೂ ಬರ್ತೇನ್ರಿ. ಆದ್ರ ಒಂದು ಗೇಜು ನಾನ ಮಾಡ್ತೇನ್ರಿ. ಮೊದಲಿಂದ ಕಡೀತನಕ, ಯಾರೂ ಕೈ ಹಚ್ಚಬಾರದು."

"ತುಕ್ಕು ಹಿಡಿದ್ರೆ?"

"ಹಿಡದ್ರ ನೀವು ಎಲ್ಲಿ ಕೂಡಂದ್ರ ಅಲ್ಲಿ ಕೂಡ್ತೇನ್ರಿ. ಮತ್ತ ಬೆಂಚು ಕೇಳೂದಿಲ್ಲ."

ಮೂರ್ತಿ ಸಾರ್ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. "ಆಯ್ತು. ಆದ್ರೆ ಎಣ್ಣೆ ಹಚ್ಚಿ ಮುಚ್ಚಿಡೋ ಹಾಗಿಲ್ಲ. ಒಣಗಿಸಿ, ಬರಿ ಮೈಯಲ್ಲಿ ಇಡ್ಬೇಕು, ಶನಿವಾರದಿಂದ ಸೋಮವಾರದ ತನಕ. ಒದ್ದೆ ಬಟ್ಟೆಯ ಕೆಳಗೆ."

ಆ ಹುಡುಗಿ ಕೆಲಸ ಮಾಡಿದ ರೀತಿಯನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ. ಗೌರಮ್ಮನವರ ಹಳೆಯ ಹತ್ತಿ ಸೀರೆಯನ್ನು ತುಂಡು ಮಾಡಿ ತಂದಿದ್ದಳು. ಹುಣಸೆಹಣ್ಣಿನ ತಪ್ಪಿಗೆ ಅವರೇ ಕೊಟ್ಟರಂತೆ. ಸೀರೆಯ ತುಂಡಿಗೆ ಎಣ್ಣೆ ಹೀರಿಸಿ, ಯಂತ್ರ ಪೂರ್ತಿ ನಿಂತ ಮೇಲೆ, ಆ ಬಟ್ಟೆಯಲ್ಲೇ ತುಂಡನ್ನು ಎತ್ತುವುದು, ಇಡುವುದು. ಅಳತೆ ನೋಡುವಾಗ ಉಸಿರು ಸಹ ಪಕ್ಕಕ್ಕೆ ಬಿಡುತ್ತಿದ್ದಳು. ನಾವೆಲ್ಲ ಬೆರಳಿನಿಂದ ಸವರಿ ನುಣುಪು ನೋಡುತ್ತೇವೆ, ಹಲವು ವರ್ಷದ ಅಭ್ಯಾಸ. ಅವಳಿಗೆ ಆ ಭಾಗ್ಯವಿಲ್ಲ. ದೀಪದ ಕೆಳಗೆ ಓರೆಯಾಗಿ ಹಿಡಿದು ಕಣ್ಣಿನಲ್ಲೇ ಸವರಬೇಕು.

ಮೊದಲ ಗೇಜು ಕೆಟ್ಟಿತು. ತುಕ್ಕಿನಿಂದಲ್ಲ. ಬೆರಳಿಗೆ ಸಿಗಬೇಕಾದ ಅಂದಾಜು ಸಿಗದೆ ಎಲ್ಲೋ ಒಂದು ಗೀರು ಉಳಿದಿರಬಹುದು ಅನ್ನುವ ಅನುಮಾನದಲ್ಲಿ ಉಜ್ಜಿದಳು, ಇನ್ನೂ ಉಜ್ಜಿದಳು. ಹೋಗಬಾರದ ತುದಿ ತೂತಿನೊಳಗೆ ಸುಯ್ಯೆಂದು ಹೋಯಿತು. ಶಿವಣ್ಣನವರು ಅದನ್ನು ಎತ್ತಿ ನೋಡಿ, "ತುಕ್ಕೂ ಇಲ್ಲ, ಅಳ್ತೆನೂ ಇಲ್ಲ" ಅಂದು ಪಕ್ಕಕ್ಕಿಟ್ಟರು. ಅವಳು ಹೊಸ ಕಡ್ಡಿ ಕತ್ತರಿಸಲು ಹೋದಳು. ಮೇಷ್ಟ್ರು ಬರುವ ದಿನ ಹತ್ತಿರವಾಗಿತ್ತು, ಮೂರನೆಯದಕ್ಕೆ ಹೊತ್ತಿರಲಿಲ್ಲ. ಅಷ್ಟು ದಿನ ಅವಳನ್ನು ಮೆಹಂದಿ ಮೆಹಂದಿ ಅಂತ ಕಾಡುತ್ತಿದ್ದ ಕಿರಣ ಅವತ್ತು ತನ್ನ ಜಾಗದ ಒಳ್ಳೆಯ ದೀಪವನ್ನು ಬಿಚ್ಚಿ ತಂದು ಅವಳ ಬೆಂಚಿಗೆ ಸಿಕ್ಕಿಸಿದ. "ಕಣ್ಣು ಹೋದ್ರೆ ನನ್ನ ಕೇಳ್ಬೇಡ" ಅಂದು ಹೋದ.

ಎರಡನೆಯ ಗೇಜು ಶನಿವಾರ ಮುಗಿಯಿತು. ಮೂರ್ತಿ ಸಾರ್ ಹೇಳಿದ ಹಾಗೆಯೇ ಎಣ್ಣೆ ಒರೆಸಿ, ಒದ್ದೆ ಬಟ್ಟೆಯ ಚಪ್ಪರದ ಕೆಳಗೆ ಇಟ್ಟು, ಅಳತೆ ಕೋಣೆಯ ಬೀಗದ ಕೈ ಅವರೇ ಇಟ್ಟುಕೊಂಡರು. ಭಾನುವಾರ ಇಡೀ ದಿನ ಮಳೆ. ಜಾಲಹಳ್ಳಿಯ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ನೀರೊಡೆದಿತ್ತು. ಹೆಂಡತಿ ಅದನ್ನು ತೋರಿಸಿದಾಗ ನನಗೆ ಯಾವುದು ಜ್ಞಾಪಕಕ್ಕೆ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಸೋಮವಾರ ಬೀಗ ತೆಗೆದಾಗ ಒಳಗೆ ಮೂರ್ತಿ ಸಾರ್, ಶಿವಣ್ಣ, ನಾನು, ಬಾಗಿಲಿನ ಹೊರಗೆ ರೇಣುಕಾ. ಒಳಗೆ ಬಾ ಅಂದರೂ ಬರಲಿಲ್ಲ. ಮೂರ್ತಿ ಸಾರ್ ಬಟ್ಟೆ ಸರಿಸಿದರು, ಕನ್ನಡಕ ಹಣೆಗೆ ಏರಿಸಿ ಬಗ್ಗಿ ನೋಡಿದರು, ಕನ್ನಡಕ ಇಳಿಸಿ ಮತ್ತೆ ನೋಡಿದರು. ಕಾಗದದಲ್ಲಿ ಹಿಡಿದು ಗೇಜನ್ನು ಒಂದು ಸುತ್ತು ತಿರುಗಿಸಿದರು. ಕಿಟಕಿಯ ಸರಳುಗಳು ಅದರ ಮೈಮೇಲೆ ಬಾಗಿ ಕಾಣುತ್ತಿದ್ದವು. ಒಂದು ಚುಕ್ಕೆಯೂ ಇರಲಿಲ್ಲ. ಒಂದು ತುದಿಯನ್ನು ತೂತಿಗೆ ಹಿಡಿದರು, ತನ್ನ ಭಾರಕ್ಕೇ ಇಳಿಯಿತು. ಇನ್ನೊಂದು ತುದಿ ಹಿಡಿದರು, ನಿಂತಿತು. ಸ್ವಲ್ಪ ಒತ್ತಿ ನೋಡಿದರು. ನಿಂತೇ ಇತ್ತು.

"ಹೂಂ" ಅಂದರು ಮೂರ್ತಿ ಸಾರ್. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾವ್ಯಾರೂ ಕೇಳಿರಲಿಲ್ಲ. ಶಿವಣ್ಣನವರು ಬಾಗಿಲ ಕಡೆ ತಿರುಗಿ, "ಅಳ್ತೆನೂ ಐತೆ ಕಣವ್ವ" ಅಂದರು. ಮೇಷ್ಟ್ರು ಬಂದಾಗ ರೇಣುಕಾಳ ಹೆಸರಿನ ಮುಂದೆ ಗೇಜು ಅಂತಲೇ ಬರೆದುಕೊಂಡರು. ಎಣ್ಣೆಯ ವಿಷಯವನ್ನು ಮೂರ್ತಿ ಸಾರ್ ಉತ್ಸಾಹದಿಂದ ವಿವರಿಸಿದರು. ಮೇಷ್ಟ್ರು ಅದನ್ನೂ ಕೆಳಗೆ ಸಣ್ಣದಾಗಿ ಸೇರಿಸಿಕೊಂಡರು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಬೆಂಚು ಸ್ವಂತದ್ದು ಅಂತ ಆದವರು ಮೊದಲ ದಿನ ಸವೆದ ಹಳೆಯ ಫೈಲೊಂದನ್ನು ಮಸೆದು, ಉಕ್ಕನ್ನು ಹೆರೆಯುವ ಸ್ಕ್ರೇಪರನ್ನು ತಾವೇ ಮಾಡಿಕೊಳ್ಳಬೇಕು. ಒಬ್ಬರದನ್ನು ಇನ್ನೊಬ್ಬರು ಕೇಳುವಂತಿಲ್ಲ. ಶಿವಣ್ಣನವರು ಹಳೆಯ ಫೈಲು ತಂದು ಅವಳ ಮುಂದಿಟ್ಟು, ಹೇಗಿರಬೇಕು ಅಂತ ನೋಡಿಕೊಳ್ಳಲು ತಮ್ಮದನ್ನು ಪಕ್ಕದಲ್ಲಿಟ್ಟರು.

"ನೋಡ್ಕೋ. ಮುಟ್ಬ್ಯಾಡ ತಾಯಿ, ತುಕ್ಕಿಡೀತದೆ."

ರೇಣುಕಾ ಬಗ್ಗಿ ನೋಡಿದಳು. "ಇದಕ್ಕ ನನ್ನ ಕೈ ಯಾಕ ಬೇಕ್ರಿ ಕಾಕಾ? ಇದು ತಾನ ತುಕ್ಕು ಹಿಡಕೊಂಡೈತಿ."

ಶಿವಣ್ಣನವರು ತಮ್ಮ ಸ್ಕ್ರೇಪರನ್ನು ಎತ್ತಿ ತಿರುಗಿಸಿ ನೋಡಿ, ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತಾ ಹೊರಟುಹೋದರು. ನಾನು ಬಂದದ್ದು ಬೇರೆ ಕೆಲಸಕ್ಕೆ. ಹೊಸ ಎಣ್ಣೆ ಬಂದಿದೆ, ಮೂರ್ತಿ ಸಾರ್ ಕರೀತಿದಾರೆ ಅಂದೆ. ಅವಳು ತಲೆಯೆತ್ತಲಿಲ್ಲ.

"ಇದೊಂದು ಅಂಚು ಮುಗಿಸಿ ಬರ್ತೇನ್ರಿ ಸರ್. ಅಲ್ಲೀತನಕ ಕೂಡಸ್ರಿ ಅವರನ್ನ."

ಹೋಗಿ ಹಾಗೆಯೇ ಹೇಳಿದೆ. ಮೂರ್ತಿ ಸಾರ್ ಡಬ್ಬದ ಮುಚ್ಚಳ ಹಾಕಿ ಕೂತರು.